ರೇವಪ್ಪ ಮಾಸ್ತರರ ಒಡಪು

ಆ ಭಾನುವಾರ ಬೆಳಿಗ್ಗೆ ಶಂಕ್ರೆವ್ವ ಗಂಡನಿಗೆ ಹೇಳಿದ್ದು ಎರಡೇ ಮಾತು. ಅಮೀನುದ್ದೀನನ ಅಡ್ಡೆಯಿಂದ ಕಟ್ಟಿಗೆ ತರಬೇಕು, ಸಂಜೆ ಸಾವಂತ್ರವ್ವನ ಬಸುರಿ ಮಗಳ ಕುಬಸಕ್ಕೆ ಒಂದು ಹೊಸ ಒಡಪು ಬೇಕು. ಸಿಂದಗಿಯ ಸಾಲಿ ಮಾಸ್ತರ ರೇವಪ್ಪನ ಕಿವಿಗೆ ಎರಡನೆಯದು ಮಾತ್ರ ಬಿತ್ತು.

ಬೀಳದೆ ಏನು? ಮದುವೆಯಾದಾಗಿನಿಂದ ಅವ್ವನ ಬೀಸುಕಲ್ಲು, ಅಪ್ಪನ ರುಮಾಲು, ಹಿತ್ತಲ ಎಮ್ಮೆ ಎಂದು ಮನೆಯ ಒಂದೊಂದರ ಮೇಲೂ ಅವನು ಕವಿತೆ ಬರೆದಿದ್ದ. ಹೆಂಡತಿ ಒಂದನ್ನೂ ಕೊನೆತನಕ ಕೇಳಿರಲಿಲ್ಲ. ಎರಡನೇ ಸಾಲಿಗೆ ಸರಿಯಾಗಿ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಈಗ ಅವಳೇ ಬಾಯಿಬಿಟ್ಟು ಕೇಳಿದ್ದಾಳೆ! ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ, ಹೆಂಗಸರ ಕೂಟದಲ್ಲಿ ಒಡಪಿನೊಳಗೆ ಸೇರಿಸಿಯೇ ಹೇಳಬೇಕು. ತನ್ನ ಕವಿತೆ, ತನ್ನ ಹೆಸರು, ಅವಳ ಬಾಯಿ! ರೇವಪ್ಪನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕಿರಲಿಲ್ಲ.

ತೀರಿಹೋದ ಅವ್ವನನ್ನು ನೆನೆದು ಮೂರು ಸಾಲು ಕಟ್ಟುವಷ್ಟರಲ್ಲಿ ಅವನ ಕಣ್ಣು ಒದ್ದೆಯಾಗಿತ್ತು. ಶಂಕ್ರೆವ್ವನಿಗೆ ಓದು ಬಾರದು, ಬಾಯಿಪಾಠವೇ ಆಗಬೇಕು. ಅವಳು ರೊಟ್ಟಿ ಬಡಿಯುತ್ತಿದ್ದಲ್ಲಿಗೇ ಹೋಗಿ ಕುಳಿತ.

“ಬೆಳ್ಳಿ ಮೂಡೂದ್ರಾಗ ಬೀಸತಿದ್ಲು ನಮ್ಮತ್ತಿ,
ಹಿಟ್ಟಿನಾಗ ಹಾಡ ಕೂಡಿ ಆಗತಿತ್ತು ಬಿಸಿರೊಟ್ಟಿ,
ಆ ರೊಟ್ಟಿ ಉಂಡು ಬೆಳದ ರೇವಪ್ಪ ನನ್ನ ಬಾಳಿನ ಬುತ್ತಿ.”

“ಹ್ಞೂಂ,” ಎಂದಳು ಶಂಕ್ರೆವ್ವ, ಪಟಪಟ ಬಡಿಯುತ್ತ. “ಕಟಗಿ ತಂದ್ರೇನ್ರಿ?”

“ತರ್ತೇನಿ. ಮೊದಲ ಇದನ್ನ ಕಲಿ.”

ರೊಟ್ಟಿಯ ಸಪ್ಪಳಕ್ಕೆ ಮಾಸ್ತರರ ದನಿಯೂ ಏರಿತು. ನಡುಗೋಡೆಯ ಆಚೆಯಿಂದ ನೆರೆಮನೆಯ ಇಂದುಬಾಯಿ ಕೂಗಿದಳು: “ಬಾಳ ಚಲೋ ಐತ್ರಿ ಮಾಸ್ತರ! ಇನ್ನೊಮ್ಮಿ ಹೇಳ್ರಿ!”

ಇಂಥ ಮಾತನ್ನು ರೇವಪ್ಪ ಜನ್ಮದಲ್ಲಿ ಕೇಳಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಇನ್ನೊಮ್ಮೆ ಹೇಳಿದ. ಮತ್ತೊಮ್ಮೆ ಹೇಳಿದ. ಮಧ್ಯಾಹ್ನದವರೆಗೂ ಹೇಳಿದ.

ಸಂಜೆ ಹೆಂಗಸರೆಲ್ಲ ಸಾವಂತ್ರವ್ವನ ಪಡಸಾಲೆಯಲ್ಲಿ ಸೇರಿದರು. ಗಂಡಸರು ಎದುರಿಗೇ ಇದ್ದ ಇಂದುಬಾಯಿಯ ಗಂಡ ಸಿದ್ರಾಮನ ಹಿಟ್ಟಿನ ಗಿರಣಿ ಕಟ್ಟೆಯ ಮೇಲೆ ಕುಳಿತರು. ಒಡಪು ಕೇಳಲೆಂದು ರೇವಪ್ಪ ಅಲ್ಲಿದ್ದ ಟ್ರಾನ್ಸಿಸ್ಟರ್ ಬಂದ್ ಮಾಡಿಸಿದ. ಮೊದಲು ಇಂದುಬಾಯಿ ಎದ್ದಳು.

“ಬೆಳ್ಳಿ ಮೂಡೂದ್ರಾಗ ಬೀಸತಿದ್ಲು ನಮ್ಮತ್ತಿ...”

ರೇವಪ್ಪ ಕುಳಿತಲ್ಲೇ ಕಲ್ಲಾದ. “ಆ ರೊಟ್ಟಿ ಉಂಡು ಬೆಳದ ಸಿದ್ರಾಮ ನನ್ನ ಬಾಳಿನ ಬುತ್ತಿ” ಎಂದು ಮುಗಿದಾಗ ಪಡಸಾಲೆಯಲ್ಲಿ ಯಾರೋ ಮೂಗು ಸೀಟಿದರು. ಗಿರಣಿ ಮನೆತನದ ಸಿದ್ರಾಮನ ತಾಯಿ ಬೀಸುಕಲ್ಲು ಮುಟ್ಟಿದವಳೇ ಅಲ್ಲ. ಆದರೂ ಸಿದ್ರಾಮ ಧೋತರದ ತುದಿಯಿಂದ ಕಣ್ಣೊರೆಸಿಕೊಂಡು, “ನಮ್ಮವ್ವ ಎಷ್ಟು ಕಷ್ಟಪಟ್ಟಾಳ್ರಿ!” ಎಂದ.

ಆಮೇಲೆ ಶಂಕ್ರೆವ್ವನ ಸರದಿ. ಅವಳು ತಡಮಾಡಲಿಲ್ಲ.

“ಒಲಿ ಮುಂದ ಕುಂತೇನಿ, ಎಸರ ಇಟ್ಟೇನಿ ಕುದಿಯಾಕ,
ಕಟಗಿ ತರ್ರಿ ಅಂದ್ರ ರೇವಪ್ಪ ಕುಂತಾರ ಕವಿತಾ ಬರಿಯಾಕ!”

ಪಡಸಾಲೆ, ಕಟ್ಟೆ ಎರಡೂ ಬಿದ್ದು ಬಿದ್ದು ನಕ್ಕವು. ರೇವಪ್ಪನಿಗೆ ಮಾತ್ರ ಹೆಂಡತಿಯ ಮೇಲೆ ಮರುಕ ಉಕ್ಕಿತು. ಪಾಪ, ಕಲಿತ ಒಡಪನ್ನು ಕಣ್ಣೆದುರೇ ಕದ್ದರೆ ಇನ್ನೇನು ಮಾಡ್ಯಾಳು? ಅವಳನ್ನು ಸಮಾಧಾನ ಮಾಡಬೇಕೆಂದು ಮಲ್ಲಿಗೆ ಕೊಂಡು ಮನೆಗೆ ಓಡಿದ.

ಶಂಕ್ರೆವ್ವ ನಗುನಗುತ್ತಲೇ ಬಂದಳು. “ಇಂದುಬಾಯಿ ಒಡಪ ಕೇಳಿದ್ರೇನ್ರಿ? ಅತ್ತಿ ನೆನಪಾಗಿ ನಾ ಅತ್ತs ಬಿಟ್ಟೆ. ಅಂಥಾದ್ದು ಒಂದರೆ ಬರೀಲಾಕ ಬರಂಗಿಲ್ಲೇನ್ರಿ ನಿಮಗ? ಮುಂಜಾನಿಂದ ಏನೇನೋ ಒದರಿದ್ರಿ!”

“ಅದು ನಂದs!”

“ನಿಮ್ಮದಾದ್ರ ಅದರಾಗ ಸಿದ್ರಾಮಪ್ಪನ ಹೆಸರು ಯಾಕ ಇರ್ತಿತ್ರಿ? ತಡೀರಿ, ನನಗ ಒಮ್ಮಿಗೇ ಬಾಯಿಪಾಠ ಆಗೇತಿ.”

ಮಲ್ಲಿಗೆ ಮುಡಿದುಕೊಂಡು ಅವಳು ಒಡಪನ್ನು ಬೆಳ್ಳಿಯಿಂದ ಬುತ್ತಿಯವರೆಗೆ ಒಂದಕ್ಷರ ತಪ್ಪದೆ, ಸಿದ್ರಾಮನನ್ನೂ ಬಿಡದೆ ಹೇಳಿ ಮುಗಿಸಿದಳು. ಹಾಲು ಕೂಡ ಉಕ್ಕಲಿಲ್ಲ. ಒಲೆಯಲ್ಲಿ ಕಟ್ಟಿಗೆಯೇ ಇರಲಿಲ್ಲ.