ಅತ್ತೆಯ ಹೆಸರಿನ ಟಾಕಿ

ನಮ್ಮ ಕಾಕಾ ಪೆಟ್ರೋಲಿನಿಂದ ಲಾರಿ ಓಡಿಸುತ್ತಿದ್ದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರು ಓಡಿಸಿದ್ದು ಸಾಬೂನಿನಿಂದ!

ಆ ದಿನ ಬೇವಿನ ಮರದ ಕೆಳಗೆ ನಾವು ನಾಲ್ವರಿದ್ದೆವು. ಲಾರಿಯಡಿ ಅಂಗಾತ ಬಿದ್ದಿದ್ದ ಕಾಕಾ, ಪೆಟ್ರೋಲಿನ ಹತ್ತಿರ ಬೀಡಿ ಹಚ್ಚಲು ಅಪ್ಪಣೆ ಸಿಗದೆ ಕಟ್ಟೆಯ ಮೇಲೆ ಚಡಪಡಿಸುತ್ತಿದ್ದ, ಪಾತ್ರೆಗೆ ಕಲಾಯಿ ಹಾಕುವ ಚಾಚಾ, ತವರಿಗೆ ಹೊರಟು ಗಂಟು ಹಿಡಿದು ಬಾಗಿಲಲ್ಲಿ ನಿಂತ ಕಾಕಿ, ಮತ್ತು ಲಾರಿ ನೂಕಲೆಂದೇ ಹುಟ್ಟಿದ ನಾನು. ಶಾಲೆಯಲ್ಲಿ ಮಾಸ್ತರನಾಗಿದ್ದೆ, ನಿಜ. ಆದರೆ ಊರ ಜನ ನನ್ನ ಬೆನ್ನನ್ನೇ ಹೆಚ್ಚು ನೋಡಿದ್ದಾರೆ.

ಈಗ ಬಸವಕಲ್ಯಾಣ ಎನ್ನುವ ಊರು ಆಗ ನಮಗೆ ಬರೀ ಕಲ್ಯಾಣ. ಕಾಕಾ ಅಲ್ಲಿಂದ ಹುಮನಾಬಾದಿನ ಪೇಟೆಗೆ ತೊಗರಿ ಚೀಲ ಹೇರುತ್ತಿದ್ದರು. ಲಾರಿ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಮಾರಿದ್ದು. ಅವರಿಗೆ ಬೇಡವಾಗಿದ್ದೇಕೆ ಎಂದು ಕಾಕಾ ಒಂದು ಮಾತು ಕೇಳಬಾರದಿತ್ತೆ?

ಲಾರಿಯ ಪೆಟ್ರೋಲ್ ಟಾಕಿ ಸೋರುತ್ತಿತ್ತು. ಸೋರುವಲ್ಲಿ ಕಾಕಾ ಸಾಬೂನು ತಿಕ್ಕಿ ಮೆತ್ತುತ್ತಿದ್ದರು. ಮನೆಮಂದಿಯೆಲ್ಲ ಕಡಲೆಹಿಟ್ಟು ಹಚ್ಚಿಕೊಂಡು ಸ್ನಾನ ಮಾಡುತ್ತಿದ್ದೆವು. ಸಾಬೂನು ಕಂಡಿದ್ದು ಟಾಕಿ ಒಂದೇ. ಅದೂ ನಿಲ್ಲಬೇಕಲ್ಲ! ನಮ್ಮ ರಸ್ತೆಯ ಕುಲುಕಾಟಕ್ಕೆ ಮೆತ್ತಿದ್ದು ಉದುರಿ, ಪೆಟ್ರೋಲೆಲ್ಲ ಹಾದಿಯ ಮಣ್ಣು ಕುಡಿದು, ಲಾರಿ ನಡುದಾರಿಯಲ್ಲಿ ಕೂತುಬಿಡುತ್ತಿತ್ತು. ನಾನು ನೂಕಿ ನೂಕಿ ಸೋತ ಮೇಲೆ ಯಾರದೋ ಹೊಲದ ಎತ್ತು ಬರುತ್ತಿದ್ದವು. ಎತ್ತು ಎಳೆಯುತ್ತಿದ್ದರೆ ಕಾಕಾ ಗತ್ತಿನಿಂದ ಕೂತು ಹಾರ್ನ್ ಹೊಡೆಯುತ್ತಿದ್ದರು.

"ಕಾಕಾ, ಯಾರಿಗ್ರಿ ಹಾರ್ನ್?"

"ಮುಂದ ಎತ್ತು ಅಡ್ಡ ಬಂದಾವಲ್ಲೋ!"

ಈಗ ನೆನೆದರೂ ನನ್ನ ಭುಜ ನೋಯುತ್ತದೆ.

ನಗುತ್ತಿದ್ದೆವು ಅನ್ನಿ. ಕಾಕಿ ಮಾತ್ರ ನಗುತ್ತಿರಲಿಲ್ಲ. ಹಿಂದಿನ ವರ್ಷ ಸಂಸ್ಥಾನ ವಿಲೀನದ ಗದ್ದಲದಲ್ಲಿ ಹೆಣ್ಣುಮಕ್ಕಳು ಊರು ದಾಟುವಂತಿರಲಿಲ್ಲ. ಗದ್ದಲ ಅಡಗಿ ದಾರಿ ತೆರೆದರೆ ಈ ಟಾಕಿ! ಹುಮನಾಬಾದಿನಲ್ಲಿದ್ದ ಅವಳ ಅವ್ವನ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. "ಪೂರ್ತಿ ಕತ್ತಲಾಗೂದ್ರಾಗ ಅವ್ವ ನನ್ನ ಮಾರಿ ಒಮ್ಮಿ ನೋಡ್ಲಿ" ಎನ್ನುತ್ತಿದ್ದಳು. ಬಾಡಿಗೆ ಬಂಡಿಯಲ್ಲಿ ಹೋಗಬಹುದಿತ್ತಲ್ಲ ಎನ್ನುವಿರಿ. ಕಾಕಾ ಬಿಡಬೇಕಲ್ಲ! ಕಾಕಿಯ ಅವ್ವ, ಅಂದರೆ ಕಾಕಾರ ಅತ್ತೆ, ಈ ಲಾರಿಗೆ "ಸೋರು ಗಡಿಗಿ" ಎಂದು ಹೆಸರಿಟ್ಟಿದ್ದರು. ಅದೇ ಗಡಿಗೆಯಲ್ಲಿ ಮಗಳನ್ನು ಇಳಿಸುವೆನೆಂಬುದು ಅಳಿಯನ ಹಟ. ಹೊರಟಾಗಲೆಲ್ಲ ಎತ್ತಿನ ಹಿಂದೆ ವಾಪಸು ಬಂದಿದ್ದೆವು.

ಆ ದಿನ ಚಾಚಾ ಟಾಕಿಗೆ ಬೆರಳು ಒತ್ತಿದರು. ಬೆರಳು ಒಳಗೇ ಹೋಯಿತು.

"ಇದಕ ಬೆಸುಗಿ ಹಚ್ಚಿದ್ರ ಬೆಸುಗಿನೇ ಉಳೀತದ, ಟಾಕಿ ಉಳಿಯೂದಿಲ್ಲ. ಹೊಸಾದು ಮಾಡ್ಬೇಕ್ರಿ. ಬಜಾರದಾಗ ತಗಡು ಎಲ್ಲದ?"

ಕಾಕಿ ಗಂಟು ಕೆಳಗಿಟ್ಟು ಒಳಗೆ ಹೋದಳು. ದರದರ ಸದ್ದಾಯಿತು. ಬಚ್ಚಲಿನ ತಾಮ್ರದ ಹಂಡೆಯನ್ನು ಎಳೆದು ತಂದು ಚಾಚಾನ ಮುಂದೆ ನಿಲ್ಲಿಸಿದಳು.

"ಇದನ್ನ ಕಡೀರಿ ಚಾಚಾ."

"ಏ ಹುಚ್ಚಿ, ಅದು ನಿಮ್ಮವ್ವ ಕೊಟ್ಟ ಹಂಡಿ!" ಕಾಕಾ ಗಾಬರಿಯಿಂದ ಏಳಹೋಗಿ ಲಾರಿಗೆ ತಲೆ ಬಡಿಸಿಕೊಂಡರು.

"ಅವ್ವನ ಕಡೀನೇ ಹೋಗ್ಬೇಕಲ್ರಿ" ಎಂದಳು ಕಾಕಿ.

ಮದುವೆಯಲ್ಲಿ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಚುಕ್ಕಿಯಲ್ಲಿ ಹೊಡೆಸುವುದು ನಮ್ಮ ಕಡೆಯ ಪದ್ಧತಿ. ಹಂಡೆಯ ಹೊಟ್ಟೆಯ ಮೇಲೆ ಅತ್ತೆಯ ಹೆಸರಿತ್ತು. ಕತ್ತರಿ ಹಿಡಿದ ಚಾಚಾ ಕೇಳಿದರು: "ಹೆಸರಿನ ತುಂಡು ತೆಗೀಲೇನ್ರಿ?"

ಕಾಕಾ ಯೋಚಿಸಿದರು. "ಬ್ಯಾಡ. ಹೊರಗ ಕಾಣೂಹಂಗ ಇಡ್ರಿ. ನಮ್ಮತ್ತಿ ಹೆಸರು ನೋಡಿದ್ರ ಪೆಟ್ರೋಲ್ ಅಂಜಿ ಒಳಗ ಕುಂಡ್ರತದ."

ಕುಂತಿತು! ಟಾಕಿ ಕೂಡಿಸಿದ ಮರುದಿನ ಲಾರಿ ಎಲ್ಲಿಯೂ ನಿಲ್ಲದೆ ಹುಮನಾಬಾದ್ ಮುಟ್ಟಿತು. ಕೆಲಸವಿಲ್ಲದ ನನ್ನ ಕೈಗಳನ್ನು ಎಲ್ಲಿಡಬೇಕೋ ನನಗೇ ತಿಳಿಯಲಿಲ್ಲ.

ಕಾಕಿಯ ಅವ್ವ, ನಮಗೆಲ್ಲ ಅಜ್ಜಿ, ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದಳು. "ಇಷ್ಟಿಷ್ಟು ಕಾಣಾಕತ್ತದ. ಸೊರಗೀಯಲ್ಲವ್ವಾ" ಎಂದಳು. ಬಹಳ ಹೊತ್ತು ನೋಡಿದ ಮೇಲೆ ಕೇಳಿದಳು: "ನನ್ನ ಹಂಡಿ ಹ್ಯಾಂಗದ?"

ಕಾಕಿ ಸೆರಗು ಕಚ್ಚಿದಳು. ಕಾಕಾ ಅತ್ತೆಯನ್ನು ಲಾರಿಯ ಬಳಿ ಕರೆದೊಯ್ದು, ಅವಳ ಕೈ ಹಿಡಿದು ಟಾಕಿಯ ಮೇಲಿಟ್ಟರು. ಮುದಿ ಬೆರಳು ಚುಕ್ಕಿಗಳ ಮೇಲೆ ಒಂದೊಂದಾಗಿ ನಡೆಯಿತು.

"ಸೋರಂಗಿಲ್ಲ ಹೌದಿಲ್ಲೋ?"

"ಇಲ್ರಿ ಅತ್ತಿ."

"ಮತ್ತ ಯಾಕ ನಿಂತೀರಿ? ಕೈಕಾಲು ತೊಳ್ಕೊಂಡು ಉಣ್ಣಾಕ ಬರ್ರಿ."

ಮುಂದಿನ ಮಳೆಗಾಲಕ್ಕೆ ಅಜ್ಜಿಯ ಕಣ್ಣು ಪೂರ್ತಿ ಹೋಯಿತು. ಆಮೇಲೆ ಅಜ್ಜಿಯೂ ಹೋದಳು. ಅದೇ ವರ್ಷ ಕಾಕಾ ಲಾರಿಯನ್ನು ಗುಜರಿಗೆ ಕೊಟ್ಟರು, ಟಾಕಿ ಮಾತ್ರ ಬಿಚ್ಚಿಕೊಂಡರು. ಚಾಚಾ ಅದನ್ನು ಬಡಿದು ಬಡಿದು ಮತ್ತೆ ಹಂಡೆ ಮಾಡಿದರು, ತುಸು ಸೊಟ್ಟಗಾಯಿತು. ಪೆಟ್ರೋಲಿನ ವಾಸನೆ ಹೋಗಲೆಂದು ಕಾಕಾ ಬೇವಿನ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಸಾಬೂನು ಹಚ್ಚಿ ಹಚ್ಚಿ ತೊಳೆದರು. ಸಂಜೆ ಅದನ್ನು ತಾವೇ ಹೊತ್ತು ಬಚ್ಚಲ ಒಲೆಯ ಮೇಲೆ ಕೂಡಿಸಿ, ಹೆಸರು ಕಾಕಿಗೆ ಕಾಣುವಂತೆ ತಿರುಗಿಸಿಟ್ಟರು.