ಮಾವ ಅಂಟಿಸಿದ ಮೇಲ್ಬಟ್ಟೆ

ನಮ್ಮ ಮಾವನವರಷ್ಟು ಒಳ್ಳೆಯ ಮನುಷ್ಯ ಇಡೀ ಹೊಸದುರ್ಗದಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ, ಅವರ ಕೈಗೆ ಸ್ಕ್ರೂಡ್ರೈವರ್ ಸಿಗದಿದ್ದರೆ! ಮಾವ ಎಂದರೆ ನನ್ನ ಗಂಡನ ತಂದೆ. ಮಾರಿಕಣಿವೆಯ ಕಟ್ಟೆಯಲ್ಲಿ ಗೇಟು ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಅಷ್ಟು ನೀರನ್ನು ಹಿಡಿದಿಟ್ಟವರಿಗೆ ಮನೆಯ ಒಂದು ಮಿಕ್ಸಿ ಯಾವ ದೊಡ್ಡ ಮಾತು? ಅವರು ರಿಪೇರಿ ಮಾಡಿದ ಗೋಡೆ ಗಡಿಯಾರ ಈಗ ಅಂಗಾತ ಮಲಗಿಸಿದರೆ ಮಾತ್ರ ನಡೆಯುತ್ತದೆ. ಟೈಮ್ ನೋಡಬೇಕಾದವರು ಸ್ಟೂಲ್ ಹತ್ತಿ ಬೀರುವಿನ ಮೇಲೆ ಇಣುಕಬೇಕು. "ಆದ್ರೂ ನಡೀತಾ ಐತಲ್ಲ?" ಎನ್ನುತ್ತಾರೆ ಮಾವ. ನಡೆಯುತ್ತಿರುವುದೇನೋ ನಿಜ.

ಇದಕ್ಕೆಲ್ಲ ನಗುತ್ತಿದ್ದ ನಾನು ಹೋದ ವರ್ಷ ಮಾತ್ರ ನಗಲಿಲ್ಲ. ನನಗಾಗ ಎಂಟು ತಿಂಗಳು ತುಂಬಿತ್ತು. ಮೊದಲ ಹೆರಿಗೆಗೆಂದು ತವರಿನಲ್ಲಿದ್ದಾಗ ಆಸ್ಪತ್ರೆ ಮುಟ್ಟುವುದು ತಡವಾಗಿ ಮಗು ಉಳಿದಿರಲಿಲ್ಲ. ಆ ಸುದ್ದಿ ಬಂದ ಮೇಲೆ ಮಾವ ಒಂದು ತಿಂಗಳು ಯಾವ ಸ್ಕ್ರೂವನ್ನೂ ಮುಟ್ಟಲಿಲ್ಲವಂತೆ, ಅತ್ತೆ ಹೇಳಿದ್ದರು. ಈ ಸಲ ಚಿತ್ರದುರ್ಗದ ಡಾಕ್ಟರಮ್ಮ ಮೊದಲೇ ಎಚ್ಚರಿಸಿದರು: "ನೋವು ಶುರುವಾದ ಕೂಡ್ಲೇ ಹೊರಟುಬಿಡ್ರಿ. ಹಿಂದಿನ ಸೀಟ್ನಾಗೆ ಎಡಮಗ್ಗುಲಾಗಿ ಮಲಗಿಸ್ಕಂಡು ಬರ್ರಿ. ಟೆನ್ಷನ್ ಮಾತ್ರ ಮಾಡ್ಕಬ್ಯಾಡಿ."

ಟೆನ್ಷನ್ ಬೇಡವಂತೆ! ಈ ಮಾತು ಕೇಳಿದ ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನಮ್ಮ ಒಂದೇ ಒಂದು ಕಾರಿನ ಸೀಟುಗಳೆಲ್ಲ ಅಂಗಳದಲ್ಲಿ! ಒಳಚಾವಣಿಯ ಹಲಗೆ ಗೋಡೆಗೆ ಒರಗಿ ನಿಂತಿದೆ! ಕಾರು ಹದಿನಾರು ವರ್ಷದ್ದು. ಚಾವಣಿಗೆ ಅಂಟಿಸಿದ್ದ ಮೇಲ್ಬಟ್ಟೆ ನಮ್ಮ ಕಡೆಯ ಬಿಸಿಲಿಗೆ ಅಂಟು ಬಿಟ್ಟು ಜೋತುಬಿದ್ದು, ಹಿಂದೆ ಕೂತವರ ತಲೆಗೆ ಹಳದಿ ಪುಡಿ ಉದುರಿಸುತ್ತಿತ್ತು, ನಿಜ. ಆದರೆ ಇಷ್ಟು ವರ್ಷ ತಡೆದವರಿಗೆ ಇನ್ನೊಂದು ತಿಂಗಳು ತಡೆಯಬಾರದಿತ್ತೇ?

"ಮಾವ, ಇದೇನ್ರಿ ಇದು?"

"ಏನಿಲ್ಲ ಕಣಮ್ಮ, ಮೇಲಿನ ಬಟ್ಟೆ ಬದಲಾಯಿಸ್ತಿದೀನಿ. ಎರಡು ತಾಸಿನ ಕೆಲ್ಸ."

ಎರಡು ತಾಸು ಹನ್ನೊಂದು ದಿನವಾಯಿತು. ಆ ಹನ್ನೊಂದು ದಿನವೂ ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಿಟಕಿಯಲ್ಲಿ ಕೂತು ಆ ಬೋಳು ಕಾರನ್ನೇ ನೋಡಿದೆ. ಸಣ್ಣದೊಂದು ಚಳುಕು ಬಂದರೂ ಸೀಟು ಕೂರಿಸಿದರೇ ಎಂದು ಬಗ್ಗಿ ನೋಡುತ್ತಿದ್ದೆ. ಗಂಡನನ್ನು ಕೇಳಿದರೆ, "ಅಪ್ಪ ಸ್ಕ್ರೂ ಬಿಚ್ಚಿದ ಮ್ಯಾಲೆ ನಾನೇನು ಮಾಡ್ಲಿ? ಬ್ಯಾರೆ ಗಾಡಿಗೆ ಹೇಳಿಟ್ಟಿದೀನಿ ಬಿಡು" ಎಂದರು. ಆ ಬೇರೆ ಗಾಡಿಯವನು ಮದುವೆ ಸೀಸನ್ನಿನಲ್ಲಿ ಫೋನನ್ನೇ ಎತ್ತುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು.

ಮಾವ ಬಟ್ಟೆ ತರಲು ಹಿರಿಯೂರಿನ ಕುಶನ್ ಅಂಗಡಿಗೆ ಹೋದರು. ಮೂರು ತಲೆಮಾರಿನಿಂದ ಸೀಟು ಹೊಲಿಯುತ್ತಿರುವ ಅಲ್ಲಿನ ಸಾಹೇಬರು, "ಗಾಡಿ ತಂದು ಬಿಡ್ರಿ ಸಾರ್, ಸಂಜಿಗೆ ಮಾಡ್ಕೊಡ್ತೀನಿ" ಎಂದರಂತೆ. ಅಷ್ಟು ಸುಲಭಕ್ಕೆ ಒಪ್ಪಿದರೆ ಅವರು ನಮ್ಮ ಮಾವನೇ? ಬಟ್ಟೆ ಮಾತ್ರ ಕೊಂಡರು, ಜೊತೆಗೆ ಬಿಟ್ಟಿ ಸಲಹೆ. ಹಳೆಯ ಫೋಮನ್ನು ಪೂರ್ತಿ ಉಜ್ಜಿ ತೆಗೆಯಬೇಕು ಎಂದಿದ್ದರಂತೆ. ಮಾವ ಅತ್ತೆಯ ಪಾತ್ರೆ ಬ್ರಷ್ಷಿನಿಂದ ಉಜ್ಜತೊಡಗಿದರು. ನಮ್ಮೂರ ಗಾಳಿ ಗೊತ್ತಲ್ಲ? ಗುಡ್ಡದ ಮೇಲಿನ ಕರೆಂಟು ಮಾಡುವ ದೊಡ್ಡ ಫ್ಯಾನುಗಳನ್ನೇ ತಿರುಗಿಸುವ ಗಾಳಿ! ಪುಡಿಯೆಲ್ಲ ಎದ್ದು ತುಳಸಿಕಟ್ಟೆ, ಒಣಹಾಕಿದ ಬಟ್ಟೆ, ಪಕ್ಕದ ಮನೆಯ ಬಿಳಿ ಕರು ಎಲ್ಲಕ್ಕೂ ಅರಿಶಿನ ಶಾಸ್ತ್ರವಾಯಿತು. ಅತ್ತೆ ಎರಡು ದಿನ ಮಾವನಿಗೆ ಊಟ ಬಡಿಸಿದರೇ ಹೊರತು ಮಾತಾಡಲಿಲ್ಲ.

ಇನ್ನು ಅಂಟು. ಸಾಹೇಬರು ಬಿಸಿಲು ತಡೆಯುವ ಅಂಟಿನ ಡಬ್ಬಿ ತೋರಿಸಿದರೂ ಮಾವ ಬೇಡವೆಂದು ಬಂದಿದ್ದರು. ಬದಲಿಗೆ ಜವನಗೊಂಡನಹಳ್ಳಿಯಲ್ಲಿ ಕಂಬಳಿ ನೇಯುವ ಗೆಳೆಯನ ಮನೆಯಿಂದ ಹತ್ತು ಸೇರು ಹುಣಸೆ ಬೀಜ ತಂದರು. ನೂಲು ಬಿಗಿಯಾಗಲೆಂದು ಕಂಬಳಿಯವರು ಈ ಬೀಜ ಹುರಿದು, ಬೀಸಿ, ಕುದಿಸಿ 'ಸರಿ' ಎಂಬ ಅಂಟು ಮಾಡಿ ಹಚ್ಚುತ್ತಾರೆ. ಕಂಬಳಿಗೆ ಹಿಡಿದದ್ದು ಕಾರಿಗೆ ಹಿಡಿಯದೇ?

"ಮಾವ, ಅದು ಗಂಜಿ ಕಣ್ರಿ!" ಎಂದೆ, ಅಳುವುದೊಂದು ಬಾಕಿ.

"ಮಾರಿಕಣಿವೆ ಕಟ್ಟೆಗೆ ಸಿಮೆಂಟ್ ಹಾಕಿದ್ರೇನಮ್ಮ? ಗಾರೆ! ನೂರು ವರ್ಷ ಆತು, ನಿಂತಿಲ್ವಾ?"

ನನ್ನ ಬಾಣಂತಿ ಸ್ನಾನಕ್ಕೆಂದು ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದ್ದ ಹಂಡೆಯಲ್ಲೇ ಹುಣಸೆ ಬೀಜ ಕುದಿಯಿತು. ಬಟ್ಟೆ ಅಂಟಿತು, ಒಣಗಿತು, ಬಡಿದರೆ ಟಕಟಕ ಎಂದಿತು. ಮಾವ ಬಡಿದದ್ದೇ ಬಡಿದದ್ದು! ಹಲಗೆಯನ್ನು ಕಾರಿಗೆ ಏರಿಸಿದ ಮರುದಿನ ಕಾಂಪೌಂಡಿನಿಂದ ಟೈರು ಹತ್ತಿ ಚಾವಣಿಯವರೆಗೆ ಇರುವೆಗಳ ಸಾಲು. ಮಾವ ಸೀಟು ಕೂರಿಸುವ ಮೊದಲು ಇರುವೆ ಗುಡಿಸಿದರು. ಕೊನೆಗೆ ಮೂರು ಬೋಲ್ಟು ಮಿಕ್ಕವು. "ಇವು ಕಂಪನಿಯವರು ಹೆಚ್ಚಿಗೆ ಹಾಕಿರ್ತಾರೆ" ಎಂದು ಜೇಬಿಗಿಳಿಸಿದರು.

ಹನ್ನೆರಡನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ನನಗೆ ನೋವು ಬಂತು. ಡಾಕ್ಟರಮ್ಮ ಹೇಳಿದ ದಿನಕ್ಕಿಂತ ಮೂರು ವಾರ ಮೊದಲು. ಬೇರೆ ಗಾಡಿಯವನು ಫೋನ್ ಎತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ, ಗಂಡ ಸ್ಟೇರಿಂಗ್ ಹಿಡಿದರು, ಪಕ್ಕದಲ್ಲಿ ಮಾವ. ಹೋದ ಸಲವೂ ಹೀಗೇ ಹೊರಟಿದ್ದೆನಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಹೊಳಲ್ಕೆರೆ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಮಾವ ಬಿಚ್ಚಿ ಮತ್ತೆ ಹಾಕದ, ಕಾರಿನ ನೆತ್ತಿಯ ಆಂಟೆನಾದ ತೂತಿನಿಂದ ನೀರು ಇಳಿಯಿತು. ಒಣಗಿ ಕಲ್ಲಾಗಿದ್ದ ಆ ಸರಿ, ನೀರು ಕಂಡದ್ದೇ ತಡ, ಗಂಜಿಯಾಯಿತು. ಒದ್ದೆ ಬಟ್ಟೆ ಇಷ್ಟಗಲ ಕಳಚಿಕೊಂಡು ನನ್ನ ಮುಖದ ಮೇಲೆ ಬಿತ್ತು. ಉಸಿರು ಕಟ್ಟಿ ಕಿರುಚಿಕೊಂಡೆ.

ಮಾವ ತಿರುಗಿದವರೇ ಮುಂದಿನ ಸೀಟಿನ ಮೇಲೆ ಹಿಂದುಮುಂದಾಗಿ ಮಂಡಿಯೂರಿ, ಎರಡೂ ಅಂಗೈಯಿಂದ ಬಟ್ಟೆಯನ್ನು ಮೇಲೆತ್ತಿ ಹಿಡಿದರು.

"ಅಪ್ಪಾ, ಕುಂತ್ಕ! ಬ್ರೇಕ್ ಹಾಕಿದ್ರೆ ಬೀಳ್ತೀಯ!"

"ನೀನು ರಸ್ತೆ ನೋಡ್ಲೇ!"

"ಆ ಡಬ್ಬಿ ಅಂಟನ್ನೇ ಹಾಕಿದ್ರೆ ಏನಾಗ್ತಿತ್ರಿ ಮಾವ?" ಎಂದು ನಾನು ಹಲ್ಲು ಕಚ್ಚಿಕೊಂಡೇ ಬೈದೆ. ಮಾವ ಬಟ್ಟೆಯನ್ನು ಇನ್ನಷ್ಟು ಮೇಲಕ್ಕೆ ಒತ್ತಿದರು. ಅತ್ತೆಯೇ ನನ್ನ ಹಣೆ ಒರೆಸುತ್ತಾ ಹೇಳಿದರು: "ಅದರ ವಾಸ್ನೆ ತಿಂಗ್ಳಾದ್ರೂ ಹೋಗಲ್ವಂತೆ. ಬಸುರಿ ಹೆಂಗಸು ಉಸಿರಾಡಬಾರ್ದು ಅಂತ ಸಾಹೇಬ್ರು ಹೇಳಿದ್ರಂತೆ. ಅದಕ್ಕೇ ಈ ಹುಣಸೆ ಬೀಜದ ಪಾಡು ಬಿದ್ರು. ಅವ್ಳಿಗೆ ಹೇಳಬ್ಯಾಡ, ಹೆದರ್ತಾಳೆ ಅಂದಿದ್ರು."

ಅಲ್ಲಿಂದ ಚಿತ್ರದುರ್ಗದವರೆಗೆ ಮಾವ ಕೈ ಇಳಿಸಲಿಲ್ಲ. ಮೊಣಕೈವರೆಗೆ ಗಂಜಿ ಸುರಿಯುತ್ತಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಅವರ ತಲೆ ಚಾವಣಿಗೆ ಬಡಿಯುತ್ತಿತ್ತು. ನನ್ನ ಮುಖದ ಮೇಲೆ ಮತ್ತೆ ಒಂದು ಹನಿಯೂ ಬೀಳಲಿಲ್ಲ. ಆಸ್ಪತ್ರೆಯವರು ಸ್ಟ್ರೆಚರ್ ತಂದು ನನ್ನನ್ನು ಇಳಿಸುವಾಗಲೂ ಅವರು ಹಾಗೆಯೇ ಇದ್ದರು.

ಗಂಟೆಯೊಳಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆ ಹಾರಿಹೋಗುವಂತೆ ಅತ್ತಿತು, ಪುಣ್ಯಾತ್ಗಿತ್ತಿ! ವಾರ್ಡಿನಲ್ಲಿ ನನ್ನ ಮಂಚದ ಪಕ್ಕ ನರ್ಸಮ್ಮ ಮಗುವನ್ನು ಮಾವನ ಕಡೆ ಚಾಚಿದರು. ಮಾವ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡರು.

ನರ್ಸಮ್ಮನ ಮುಖ ಕೆಂಪಾಯಿತು. "ಯಾಕ್ರಿ ಯಜಮಾನ್ರೇ, ಹೆಣ್ಣು ಅಂತಾನಾ?"

"ಛೇ ಛೇ, ಅಲ್ಲ ಕಣವ್ವ!" ಮಾವ ಬೆನ್ನ ಹಿಂದಿನಿಂದ ಕೈ ತೆಗೆದು ತೋರಿಸಿದರು. ಎರಡೂ ಕೈ ಗಡಗಡ ನಡುಗುತ್ತಿದ್ದವು. "ನಿಲ್ತಾನೇ ಇಲ್ಲ. ಬೀಳಿಸಿಗೀಳಿಸಿಬಿಟ್ಟೇನು ಅಂತ ಭಯ."

ಅವರನ್ನು ಮಂಚದ ತುದಿಗೆ ಕೂರಿಸಿದೆವು. ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಿ, ಆ ಎರಡು ಕೈಗಳನ್ನು ಮಗುವಿನ ಕೆಳಗಿಟ್ಟು, ನಡುಕ ನಿಲ್ಲುವವರೆಗೂ ನನ್ನ ಕೈಗಳಲ್ಲಿ ಹಿಡಿದುಕೊಂಡೆ. ನಮ್ಮ ಮನೆಗಳಲ್ಲಿ ಸೊಸೆಯಂದಿರು ಮಾವನ ಕಾಲಿಗೆ ಬೀಳುತ್ತೇವೆ ಅಷ್ಟೆ. ಮದುವೆಯಾಗಿ ಆರು ವರ್ಷದಲ್ಲಿ ಮಾವನ ಕೈ ಮುಟ್ಟಿದ್ದು ಅದೇ ಮೊದಲು.