ಮೀಸಲು ಗಿಣ್ಣೂ ನನ್ನ ಮೂಗೂ

ನಮ್ಮ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ, ಮೂಗಿಗೆ ಮಾತ್ರ ಇತ್ತು. ಹೊಲಕ್ಕೆ ಏನು ಹಾಕಬೇಕೆಂದು ಅವ್ವ ಹೇಳುತ್ತಾಳೆ, ಒಲೆಯ ಮೇಲೆ ಏನಿಡಬೇಕೆಂದು ಹೆಂಡತಿ ಮಂಗಳ. ಆದರೆ ನಿನ್ನೆಯ ಸಾರು ಹಳಸಿದೆಯೋ, ಮೊಸರು ಇನ್ನೊಂದು ಹೊತ್ತಿಗೆ ಬರುತ್ತದೋ ಎಂಬ ಪ್ರಶ್ನೆ ಎದ್ದರೆ ಪಾತ್ರೆ ನನ್ನ ಮುಂದೆ ಬರುತ್ತಿತ್ತು. ಕಣ್ಣು ಮುಚ್ಚಿ ಮೂಸಿ, ಒಂದು ಚಮಚ ಬಾಯಿಗೆ ಹಾಕಿಕೊಂಡು, ಬೇಕೆಂದೇ ತಡಮಾಡಿ ತೀರ್ಪು ಕೊಡುತ್ತಿದ್ದೆ. ಇಡೀ ಪಣಕಹಳ್ಳಿಯಲ್ಲಿ ನನಗೆ ಇಷ್ಟು ಮರ್ಯಾದೆ ಬೇರೆಲ್ಲೂ ಸಿಕ್ಕಿಲ್ಲ.

ನಮ್ಮ ಹಸು ಕೆಂಪಿ ಕರು ಹಾಕುವ ಶುಕ್ರವಾರ, ಕರು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ದನದ ಡಾಕ್ಟರು ತಾಳವಾಡಿಯಿಂದ ಬರುವಷ್ಟರಲ್ಲಿ ಅವ್ವ ಹಸುವಿನ ಕತ್ತು ತಬ್ಬಿಕೊಂಡು, "ಮಾದಪ್ಪಾ, ಎರಡು ಜೀವ ಉಳ್ಸಪ್ಪ, ಮೊದಲ್ ಗಿಣ್ಣು ನಿಂಗೇ ಮೀಸ್ಲು" ಎಂದು ಹರಕೆ ಹೊತ್ತಳು. ಎರಡೂ ಜೀವ ಉಳಿದವು. ನನ್ನ ಕಣ್ಣಲ್ಲೂ ನೀರು ಬಂತು. ಅದರಲ್ಲಿ ಒಂದೆರಡು ಹನಿ ಕೈತಪ್ಪಿದ ಗಿಣ್ಣಿಗೂ ಸೇರಿದ್ದವು.

ಮಾದಪ್ಪನ ವಾರ ಸೋಮವಾರ. ಗಾಳಿ ಬೀಸಿದರೆ ಕರೆಂಟು ಹೋಗುವ ಊರಿನಲ್ಲಿ ಅಲ್ಲಿಯವರೆಗೆ ಫ್ರಿಜ್ಜನ್ನು ನಂಬುವುದು ಹೇಗೆ? ಮಂಗಳ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ಡಬ್ಬಿಗೆ ಮುಚ್ಚಳ ಬಿಗಿಯುವಾಗ ನಾನು ಮೂಗು ಚಾಚಿದೆ. "ಏ, ಮೂಸ್ಬ್ಯಾಡ ಕಣ್ಲಾ! ಮೂಸುದ್ರೂ ಎಂಜ್ಲೇ" ಎಂದು ಅವ್ವ ಗದರಿದಳು. ಮೂಸಬಾರದು, ರುಚಿ ನೋಡಬಾರದು, ಆದರೆ ಕೆಟ್ಟಿದೆಯೋ ಇಲ್ಲವೋ ಗೊತ್ತಾಗಬೇಕು! ಆಗ ನಾನೇ ಉಪಾಯ ಹೇಳಿದೆ. ಸಂಜೆ ಕರೆದ ಹಾಲಿನ ಗಿಣ್ಣನ್ನು ಒಂದು ಬಟ್ಟಲಲ್ಲಿ ಹಾಕಿ ಫ್ರಿಜ್ಜಿನಲ್ಲಿ ಡಬ್ಬಿಯ ಪಕ್ಕದಲ್ಲೇ ಇಡೋಣ, ಇದು ಕೆಟ್ಟರೆ ಅದೂ ಕೆಟ್ಟಂತೆ. ಪರೀಕ್ಷೆ ಮಾಡುವ ಭಾರ ನನ್ನದು.

ಭಾರವನ್ನು ನಾನು ನಿಷ್ಠೆಯಿಂದ ಹೊತ್ತೆ. ಹಲ್ಲುಜ್ಜಿದ ಮೇಲೆ ಒಮ್ಮೆ, ಹೊಲಕ್ಕೆ ಹೋಗುವ ಮುಂಚೆ ಒಮ್ಮೆ, ಸುಮ್ಮನೆ ಅನುಮಾನ ಬಂದಾಗ ಇನ್ನೊಮ್ಮೆ. ನೆಕ್ಕಿದ ಚಮಚವನ್ನೇ ಮತ್ತೆ ಹಾಕುತ್ತಿದ್ದೆ. ಒಮ್ಮೆಯಂತೂ ಬಟ್ಟಲನ್ನು ಕಟ್ಟೆಯ ಮೇಲೆ ಮರೆತು ಜೋಳಕ್ಕೆ ನೀರು ಬಿಡಲು ಹೋಗಿದ್ದೆ.

ಭಾನುವಾರ ಸಂಜೆ ಬಟ್ಟಲು ಹುಳಿ ನಾತ ಹೊಡೆಯಿತು. ಚಮಚ ಎತ್ತಿದರೆ ಲೋಳೆ ಎಳೆಯಿತು. "ಕೆಟ್ಟೋಯ್ತವ್ವ, ಎರಡೂ" ಎಂದು ತೀರ್ಪು ಕೊಟ್ಟೆ. ಅವ್ವ ಹೋಗಿ ಕರುವಿನ ಪಕ್ಕ ಕುಳಿತಳು. "ಮಾದಪ್ಪ ಮಾತ್ ಉಳಿಸ್ಕಂಡ, ನಾನೇ ತಪ್ಪುಬುಟ್ಟೆ ಕಣ್ ಮಗ" ಎಂದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಅವ್ವ ಡಬ್ಬಿಯನ್ನು ದೇವರ ಮುಂದಿಟ್ಟಳು. "ಕೆಟ್ಟಿದ್ರೂ ಅವುನ್ದೇ. ಅವುನ್ಗೇ ತೋರ್ಸಿ ತಪ್ಪಾಯ್ತು ಅಂತೀನಿ" ಎಂದು ಮುಚ್ಚಳ ತೆಗೆದಳು. ಏಲಕ್ಕಿಯ ಘಮ ಮನೆ ತುಂಬಿತು. ಗಿಣ್ಣು ಇಟ್ಟ ಹಾಗೆಯೇ ಇತ್ತು. ಅವ್ವ ಅತ್ತಳು, ಆಮೇಲೆ ನಕ್ಕಳು, ಪ್ರಸಾದವನ್ನು ನನ್ನ ಕೈಗೆ ಹಾಕುತ್ತಾ ಹೇಳಿದಳು: "ಇದುಕ್ಕೆ ಯಾರೂ ಕೈ ಆಕ್ನಿಲ್ಲ, ನೆಟ್ಗದೆ. ಅದುನ್ನ ನೀನ್ ಕಾದೆ, ಕೆಟ್ಟೋಯ್ತು."

ಈಗ ಯಾವ ಪಾತ್ರೆಯೂ ನನ್ನ ಮುಂದೆ ಬರುವುದಿಲ್ಲ. ಫ್ರಿಜ್ಜಿನ ಬಾಗಿಲು ಸದ್ದಾದರೆ ಸಾಕು, ಕೊಟ್ಟಿಗೆಯಿಂದಲೇ ಅವ್ವ ಕೂಗುತ್ತಾಳೆ: "ಯಾರ್ಲಾ ಅದು?"

ನಾನು ಚಮಚ ನೆಕ್ಕಿಕೊಂಡು, "ಬೆಕ್ಕು ಕಣವ್ವ" ಎನ್ನುತ್ತೇನೆ.